ಕಳಿಸದೆ ಬಿಟ್ಟ ಫೀಲ್ಡಿನ ಗತಿ

ಕಾಂಟ್ಯಾಕ್ಟ್ ಅಪ್‌ಡೇಟ್ ಮಾಡುವ ಎಪಿಐನ ಡಾಕ್ಯುಮೆಂಟೇಷನ್ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಒಂದೇ ಒಂದು ವಿಷಯ. ನಾನು ಕಳಿಸದೆ ಬಿಟ್ಟ ಫೀಲ್ಡ್ ಏನಾಗುತ್ತದೆ? ಇದ್ದ ಹಾಗೇ ಉಳಿಯುತ್ತದೆಯೋ, ಅಳಿಸಿಹೋಗುತ್ತದೆಯೋ? ಲಾಗಿನ್ ಹೇಗೆ, ಟೋಕನ್ ಎಲ್ಲಿ ಸಿಗುತ್ತದೆ ಎನ್ನುವುದನ್ನು ಎಲ್ಲರೂ ಬರೆದಿರುತ್ತಾರೆ. ಬಿಟ್ಟ ಫೀಲ್ಡಿನ ಗತಿಯನ್ನು ಬಿಡಿಸಿ ಬರೆದವರು ಸಿಕ್ಕರೆ ಉಳಿದ ಪುಟಗಳನ್ನೂ ನೆಮ್ಮದಿಯಿಂದ ಓದುತ್ತೇನೆ.

ಜೋಗಿಮಟ್ಟಿಯನ್ನೇ ನೋಡಿ. ಈ ಕಾಡು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಿಗೆ ಚಾಚಿಕೊಂಡಿದೆ. ಬೇಸಿಗೆಯಲ್ಲಿ ಹುಲ್ಲು ಒಣಗಿ ನಿಂತಾಗ ಎಲ್ಲಾದರೂ ಬೆಂಕಿ ಕಂಡರೆ ಯಾರಿಗೆ ಫೋನ್ ಮಾಡಬೇಕು ಎಂಬ ಪಟ್ಟಿಯೊಂದು ಕಂಪ್ಯೂಟರಿನಲ್ಲಿದೆ ಎಂದುಕೊಳ್ಳೋಣ. ಕಾವಲುಗಾರರೊಬ್ಬರ ಹೆಸರಿನ ಮುಂದೆ ಎರಡು ನಂಬರ್: ಅವರ ಮೊಬೈಲ್ ಒಂದು, ಮನೆ ಪಕ್ಕದ ಅಂಗಡಿಯದು ಇನ್ನೊಂದು. ಅವರು ಸಿಮ್ ಬದಲಿಸಿದರು. ನೀವು ಹೊಸ ಮೊಬೈಲ್ ನಂಬರನ್ನಷ್ಟೇ ಕಳಿಸಿದಿರಿ. ಅಂಗಡಿಯ ನಂಬರ್ ಉಳಿಯಿತೆ?

ಬಹುಪಾಲು ಕೈಪಿಡಿಗಳು ‘ಇದು ಪ್ಯಾಚ್, ಭಾಗಶಃ ಅಪ್‌ಡೇಟ್’ ಎಂದು ಹೇಳಿ ಕೈತೊಳೆದುಕೊಳ್ಳುತ್ತವೆ. ಅಷ್ಟು ಸಾಲದು. 2010ರಲ್ಲಿ ಬಂದ ಇಂಟರ್ನೆಟ್ ಮಾನದಂಡದ ದಾಖಲೆ ಆರ್‌ಎಫ್‌ಸಿ 5789 ಎಚ್‌ಟಿಟಿಪಿಗೆ ಪ್ಯಾಚ್ ವಿಧಾನವನ್ನು ಕೊಟ್ಟಿತು. ಬದಲಾವಣೆಯನ್ನು ಯಾವ ರೂಪದಲ್ಲಿ ಬರೆದು ಕಳಿಸಬೇಕು ಎಂಬುದನ್ನು ಅದು ಕಟ್ಟುಮಾಡಲಿಲ್ಲ. 2014ರ ಆರ್‌ಎಫ್‌ಸಿ 7396, ಅಂದರೆ ಜೇಸನ್ ಮರ್ಜ್ ಪ್ಯಾಚ್, ಅಂಥ ಒಂದು ರೂಪವನ್ನು ಗೊತ್ತುಮಾಡಿತು. ಅದರ ಪ್ರಕಾರ ಹೆಸರೆತ್ತದ ಫೀಲ್ಡ್ ಹಾಗೇ ಉಳಿಯುತ್ತದೆ, ‘ನಲ್’ ಕಳಿಸಿದರೆ ಅಳಿಯುತ್ತದೆ, ಪಟ್ಟಿ ಕಳಿಸಿದರೆ ಹಳೆಯ ಪಟ್ಟಿ ಇಡಿಯಾಗಿ ಹೋಗಿ ಹೊಸದು ಕೂರುತ್ತದೆ. ಫೋನ್ ನಂಬರುಗಳು ಇರುವುದೇ ಪಟ್ಟಿಯಾಗಿ. ಹಾಗಾಗಿ ಅಂಗಡಿಯ ನಂಬರ್ ಹೋಯಿತು. ಎಲ್ಲೂ ದೋಷ ಬರಲಿಲ್ಲ, ಸರ್ವರ್ 200 ಎಂದೇ ಉತ್ತರಿಸಿತು.

ಆರ್‌ಎಫ್‌ಸಿ 7396ರ ಕೊನೆಯಲ್ಲೊಂದು ಕೋಷ್ಟಕವಿದೆ. ಮೂಲ, ಕಳಿಸಿದ್ದು, ಫಲ ಎಂದು ಮೂರೇ ಕಾಲಂ. ಇಡೀ ಬರಹದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಅದು. ಒಂದು ವಾಕ್ಯದ ವಿವರಣೆಯೂ ಇಲ್ಲದೆ ಎಲ್ಲ ಸಂಶಯಗಳನ್ನೂ ತೀರಿಸುತ್ತದೆ.

ಗೂಗಲ್ ತನ್ನ ಹಳೆಯ ಕಾಂಟ್ಯಾಕ್ಟ್ಸ್ ಎಪಿಐಯನ್ನು 2022ರ ಜನವರಿಯಲ್ಲಿ ನಿಲ್ಲಿಸಿ ಎಲ್ಲರನ್ನೂ ಪೀಪಲ್ ಎಪಿಐಗೆ ಕಳಿಸಿತು. ಅಲ್ಲಿ ಯಾವ ಫೀಲ್ಡುಗಳನ್ನು ಬದಲಿಸುತ್ತಿದ್ದೇವೆ ಎಂದು ಮೊದಲೇ ಹೆಸರಿಸಲೇಬೇಕು. ಹೆಸರಿಸಿದ ಫೀಲ್ಡ್ ಪೂರ್ತಿ ಬದಲಾಗುತ್ತದೆ ಎಂದು ಕೈಪಿಡಿ ನೇರವಾಗಿ ಹೇಳುತ್ತದೆ. ಜೊತೆಗೆ ದಾಖಲೆಯನ್ನು ಓದಿದಾಗ ಬಂದ ಇಟ್ಯಾಗನ್ನೂ, ಅಂದರೆ ಆ ಆವೃತ್ತಿಯ ಗುರುತನ್ನೂ, ಹಿಂದಿರುಗಿಸಬೇಕು. ಚಿತ್ರದುರ್ಗದಲ್ಲಿ ನೀವು ದಾಖಲೆ ತೆರೆದಿರುವಾಗಲೇ ಹಿರಿಯೂರಿನಲ್ಲಿ ಇನ್ನೊಬ್ಬರು ಅದನ್ನು ತಿದ್ದಿದ್ದರೆ ಇಟ್ಯಾಗ್ ಹೊಂದುವುದಿಲ್ಲ, 400 ದೋಷ ಬರುತ್ತದೆ. ಆಗ ಏನು ಮಾಡಬೇಕೆಂಬುದೂ ಅಲ್ಲೇ ಇದೆ: ಹೊಸ ಪ್ರತಿ ತಂದುಕೊಳ್ಳಿ, ನಿಮ್ಮ ತಿದ್ದುಪಡಿಯನ್ನು ಅದರೊಳಗೆ ಸೇರಿಸಿ, ಮತ್ತೆ ಕಳಿಸಿ. ದೋಷದ ಜೊತೆಗೇ ದಾರಿಯನ್ನೂ ಹೇಳುವ ಈ ಕ್ರಮವನ್ನು ಎಲ್ಲರೂ ಕಲಿಯಬೇಕು.

ಇನ್ನು ಉದಾಹರಣೆಗಳು. ಅವು ನಮ್ಮ ಊರಿನವೇ ಆಗಬೇಕು ಎಂಬುದು ನನ್ನ ಹಟ, ಯಾಕೆಂದರೆ ತೊಡಕುಗಳು ಇರುವುದು ಇಲ್ಲಿಯೇ. ಜೋಗಿಮಟ್ಟಿಯ ಸುತ್ತ ನಾಲ್ಕು ಎಸ್‌ಟಿಡಿ ಕೋಡ್: ಚಿತ್ರದುರ್ಗ 08194, ಹಿರಿಯೂರು 08193, ಹೊಸದುರ್ಗ 08199, ಹೊಳಲ್ಕೆರೆ 08191. ಅಂತಾರಾಷ್ಟ್ರೀಯ ಇ.164 ಕ್ರಮದಲ್ಲಿ ಬರೆಯುವಾಗ ಮುಂದಿನ ಸೊನ್ನೆ ಬಿಟ್ಟು +91 ಸೇರಿಸಬೇಕು. ಸೊನ್ನೆ ಬಿದ್ದ ಮೇಲೆ ಉಳಿಯುವುದು ಎಂಟರಿಂದ ಶುರುವಾಗುವ ಹತ್ತು ಅಂಕಿ, ನೋಡಲು ಥೇಟ್ ಮೊಬೈಲ್ ನಂಬರ್. ಪ್ರೋಗ್ರಾಂ ಅದನ್ನು ಮೊಬೈಲ್ ಎಂದು ನಂಬಿ ಎಸ್‌ಎಂಎಸ್ ಕಳಿಸಿದರೆ ಅದು ಯಾರಿಗೂ ಮುಟ್ಟುವುದಿಲ್ಲ. 112ರಂಥ ತುರ್ತು ನಂಬರಿಗಂತೂ +91 ಹಚ್ಚುವಂತೆಯೇ ಇಲ್ಲ. ಇವೆರಡನ್ನೂ ಉದಾಹರಣೆಯಲ್ಲೇ ತೋರಿಸಿಬಿಡಬೇಕು.

ಹೆಸರಿನ ಕಥೆ ಇನ್ನೂ ದೊಡ್ಡದು. ನಮ್ಮ ಕಡೆ ತಿಪ್ಪೇಸ್ವಾಮಿ ಎಂದರೆ ಇಡೀ ಹೆಸರು. ಮುಂದಿನ ಇನಿಷಿಯಲ್ ಊರಿನದೋ ತಂದೆಯದೋ ಆಗಿರುತ್ತದೆ. ಕಾಂಟ್ಯಾಕ್ಟ್ ವಿವರಗಳನ್ನು ಬರೆದಿಡುವ ರೂಪವಾದ ವಿಕಾರ್ಡ್‌ನ 1998ರ ಮೂರನೇ ಆವೃತ್ತಿ ಕುಟುಂಬದ ಹೆಸರು, ಸ್ವಂತ ಹೆಸರು ಎಂದು ಬಿಡಿಸಿ ಬರೆಯುವ ಫೀಲ್ಡನ್ನು ಕಡ್ಡಾಯ ಮಾಡಿತ್ತು. 2011ರ ನಾಲ್ಕನೆಯದು ಪೂರ್ಣ ಹೆಸರೊಂದಿದ್ದರೆ ಸಾಕು ಎಂದಿತು, ಯುಟಿಎಫ್-8ನ್ನೇ ಗೊತ್ತುಮಾಡಿದ್ದರಿಂದ ಕನ್ನಡದಲ್ಲೇ ಬರೆಯಲೂ ಅಡ್ಡಿಯಿಲ್ಲ. ಇಂಗ್ಲಿಷಿನಲ್ಲಿ ಬರೆದರೆ ಒಬ್ಬರು ಟಿ ಮುಂದೆ ಎಚ್ ಇಡುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಆದ್ದರಿಂದ ಕೈಪಿಡಿ ಒತ್ತಿ ಹೇಳಲಿ: ಹೆಸರು ನೋಡಿ ಅಪ್‌ಡೇಟ್ ಮಾಡಬೇಡಿ, ಐಡಿ ಹಿಡಿದು ಮಾಡಿ. ಒಂದೇ ತಾಲ್ಲೂಕಿನಲ್ಲಿ ಎಷ್ಟು ಮಂದಿ ತಿಪ್ಪೇಸ್ವಾಮಿಗಳಿದ್ದಾರೆ ಎಂದು ದುರ್ಗದವರಿಗೆ ಬೇರೆ ಹೇಳಬೇಕೆ?

ಈ ವಾರ ಎಪಿಐ ಕೈಪಿಡಿ ಬರೆಯಲು ಕೂತವರು ಆ ಮೂರು ಕಾಲಂಗಳಿಂದಲೇ ಶುರುಮಾಡಿ. ಮೊದಲ ಸಾಲಿನಲ್ಲಿ ಎರಡು ನಂಬರಿರುವ ದಾಖಲೆ ಇರಲಿ, ಕಳಿಸಿದ್ದು ಒಂದೇ ನಂಬರ್ ಆಗಿರಲಿ. ಫಲದ ಕಾಲಂನಲ್ಲಿ ನಿಮ್ಮ ಸರ್ವರ್ ನಿಜಕ್ಕೂ ಕೊಟ್ಟ ಉತ್ತರವನ್ನು ಹಾಗೇ ಇಳಿಸಿ.