ಇಳಿಯದೆ ಮರಳಿದ ವಿಮಾನ

ಉತ್ತಮಪಾಳಯಂನ ನೈಋತ್ಯಕ್ಕೆ, ಕಂಬಂ ಕಣಿವೆಗೆ ಗೋಡೆಯಂತೆ ನಿಂತ ಬೆಟ್ಟಸಾಲಿನ ಆಚೆ, ವಂಡಿಪೆರಿಯಾರ್ ಬಳಿಯ ಸತ್ರಂನಲ್ಲಿ ಎನ್‌ಸಿಸಿಗಾಗಿ ಕಟ್ಟಿದ 650 ಮೀಟರ್ ಉದ್ದದ ರನ್‌ವೇ ಇದೆ. 2022ರ ಏಪ್ರಿಲ್‌ನಲ್ಲಿ ಅಲ್ಲಿ ಇಳಿಯಲು ಬಂದ ಪುಟ್ಟ ವಿಮಾನ, ರನ್‌ವೇ ತುದಿಯ ಮಣ್ಣುದಿಬ್ಬ ಅಡ್ಡವಾದ್ದರಿಂದ ನೆಲ ಮುಟ್ಟದೆ ವಾಪಸಾಯಿತು. ಯತ್ನ ವಿಫಲವಾಯಿತು ಎಂದೇ ಸುದ್ದಿಯಾಯಿತು. ಅದೇ ವರ್ಷ ಡಿಸೆಂಬರ್ 1ರಂದು ಎರಡು ಸೀಟಿನ ವೈರಸ್ ಎಸ್‌ಡಬ್ಲ್ಯೂ-80 ಅಲ್ಲಿ ಇಳಿದಾಗ ಎಲ್ಲರೂ ಸಂಭ್ರಮಿಸಿದರು. ಆ ಸಂಭ್ರಮ ನ್ಯಾಯವೇ. ಆದರೆ ಹಾರಾಟದ ಕಲೆಯನ್ನು ಅಳೆಯುವುದಾದರೆ ನಾನು ಏಪ್ರಿಲ್‌ನ ಹಾರಾಟಕ್ಕೇ ಒಂದು ಅಂಕ ಹೆಚ್ಚು ಕೊಡುತ್ತೇನೆ.

ಏಕೆಂದರೆ, ಇಳಿಯುವಾಗ ಸಣ್ಣ ವಿಮಾನ ಕೈತಪ್ಪುವ ಕಥೆ ಬಹುಪಾಲು ಶುರುವಾಗುವುದು ನೆಲದ ಮೇಲಲ್ಲ, ಇಳಿದೇ ತೀರಬೇಕೆಂಬ ಹಟದಲ್ಲಿ. ರನ್‌ವೇಯ ನೇರಕ್ಕೆ ಬರುವ ಕೊನೆಯ ತಿರುವನ್ನೇ ನೋಡಿ. ಹಿಂದಿನಿಂದ ಗಾಳಿ ತಳ್ಳಿ ವಿಮಾನ ಆ ನೇರವನ್ನು ದಾಟಿಬಿಡುತ್ತದೆ. ರೆಕ್ಕೆಯನ್ನು ಇನ್ನಷ್ಟು ವಾಲಿಸಲು ಅಳುಕಿದ ಪೈಲಟ್ ಕಾಲಿನಿಂದ ರಡ್ಡರ್ ಒತ್ತಿ ಮೂತಿಯನ್ನು ತಿರುಗಿಸುತ್ತಾರೆ. ಮೂತಿ ಬಾಗುತ್ತದೆ, ಅದನ್ನೆತ್ತಲು ಸ್ಟಿಕ್ಕನ್ನು ಹಿಂದಕ್ಕೆ ಎಳೆಯುತ್ತಾರೆ. ಎತ್ತರ ಕಾಯ್ದುಕೊಂಡು 45 ಡಿಗ್ರಿ ವಾಲಿದರೆ ಸ್ಟಾಲ್ ಆಗುವ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ, ವೇಗ ಸುಮಾರು ಶೇ 19ರಷ್ಟು, 60 ಡಿಗ್ರಿಗೆ ಶೇ 41ರಷ್ಟು ಏರುತ್ತದೆ. ಒಳಬದಿಯ ರೆಕ್ಕೆ ಮೊದಲು ಸೋತು ವಿಮಾನ ಗಿರಕಿಗೆ ಬೀಳುತ್ತದೆ, ಬಿಡಿಸಿಕೊಳ್ಳಲು ಕೆಳಗೆ ಎತ್ತರವೇ ಉಳಿದಿರುವುದಿಲ್ಲ. ಭಯಕ್ಕೆ ವೇಗ ಹೆಚ್ಚಿಸಿಕೊಂಡು ಬಂದರೂ ಬೇರೆ ತೊಂದರೆ: ನೆಲ ಮುಟ್ಟುವ ವೇಗ ಶೇ 10 ಹೆಚ್ಚಿದರೆ ನಿಲ್ಲಲು ಬೇಕಾದ ಓಟ ಸುಮಾರು ಶೇ 21 ಹೆಚ್ಚುತ್ತದೆ. 650 ಮೀಟರಿನಲ್ಲಿ ಅದು ಸಣ್ಣ ಮಾತಲ್ಲ. ತಿರುವಿನಲ್ಲಿ ತಳ್ಳುವ ಗಾಳಿಗೂ ಈ ಭಾಗದಲ್ಲಿ ಕೊರತೆಯಿಲ್ಲ: ಮುಂಗಾರಿನಲ್ಲಿ ಘಟ್ಟ ದಾಟಿ ತೇನಿ ಕಡೆಗೆ ನುಗ್ಗುವ ಗಾಳಿ ಎಂಥದ್ದೆಂದು ಅಲ್ಲಿನ ಗಾಳಿಯಂತ್ರಗಳ ಸಾಲೇ ಹೇಳುತ್ತದೆ.

ಮತ್ತೆ ಮೇಲೇರುವುದೇನು ಕಡಿಮೆ ಅಪಾಯವೇ ಎಂದು ಅನುಭವಿಗಳು ಕೇಳುತ್ತಾರೆ. ಆಕ್ಷೇಪ ಸರಿಯಾದದ್ದೇ. ಥ್ರಾಟಲ್ ಪೂರ್ತಿ ಕೊಟ್ಟೊಡನೆ ಸಾಮಾನ್ಯವಾಗಿ ಮೂತಿ ಮೇಲೇಳುತ್ತದೆ, ಎಡಕ್ಕೆ ಎಳೆಯುತ್ತದೆ; ಬಲಗಾಲು ತಡಮಾಡಿದರೆ, ಅಥವಾ ಗಾಬರಿಯಲ್ಲಿ ಫ್ಲ್ಯಾಪನ್ನು ಒಮ್ಮೆಲೇ ಮಡಚಿದರೆ, ಅಲ್ಲೂ ವಿಮಾನ ಕೈತಪ್ಪುತ್ತದೆ. ಆದರೆ ಇದು ತಡವಾಗಿ, ಅಭ್ಯಾಸವಿಲ್ಲದೆ ಮೇಲೇರುವುದರ ವಿರುದ್ಧದ ವಾದ, ಮೇಲೇರುವುದರ ವಿರುದ್ಧದ್ದಲ್ಲ. ತುದಿಯಲ್ಲೇ ಗುಡ್ಡವಿರುವ ಜಾಗದಲ್ಲಿ ಕೊನೇ ಗಳಿಗೆಯಲ್ಲಿ ಏರಲಾಗದು ಎನ್ನುವುದೂ ನಿಜ. ಹಾಗಾಗಿಯೇ ನಿರ್ಧಾರ ಇನ್ನೂ ಹಿಂದಕ್ಕೆ, ಎತ್ತರ ಕೈಯಲ್ಲಿರುವ ಹೊತ್ತಿಗೆ ಸರಿಯಬೇಕು. ಸತ್ರಂನಿಂದ ಮರಳಿದವರ ಬಗ್ಗೆ ನನಗಿರುವ ಗೌರವ ಇದಕ್ಕೇ. ಜಕ್ಕೂರಿನಂಥ ತರಬೇತಿ ಶಾಲೆಗಳ ವಿದ್ಯಾರ್ಥಿಗಳು ಲಾಗ್‌ಬುಕ್ಕಿನಲ್ಲಿ ಇಳಿದ ಲೆಕ್ಕವನ್ನು ಶ್ರದ್ಧೆಯಿಂದ ಬರೆಯುತ್ತಾರೆ. ಅದರ ಪಕ್ಕದಲ್ಲೇ, ಇಳಿಯದೆ ಮೇಲೇರಿದ ಲೆಕ್ಕವನ್ನೂ ಕಾರಣ ಸಹಿತ ಬರೆಸಬೇಕು. ಒಂಟಿಯಾಗಿ ಹಾರಲು ಬಿಡುವ ಮೊದಲು ಬೋಧಕರು ಆ ಪುಟವನ್ನೂ ಓದಬೇಕು.