ವರ ಮತ್ತು ಅದರ ಬೆಲೆ: ಮೇಜಿನಾಟದ ಸೂತ್ರಧಾರನನ್ನು ಕುರಿತು ಒಂದು ವಿಮರ್ಶೆ

ಪ್ರಬಲವಾದ ಶಕ್ತಿಯೊಂದನ್ನು ಒಬ್ಬನಿಗೆ ಕೊಟ್ಟ ಮೇಲೆ ಅದನ್ನು ಮೇರೆಯಲ್ಲಿಡುವುದು ಹೇಗೆ? ಈ ಪ್ರಶ್ನೆ ರಾಜ್ಯನೀತಿಗೆ ಮಾತ್ರವಲ್ಲದೆ ಆಟಕ್ಕೂ ಸಲ್ಲುತ್ತದೆ. ಇತ್ತೀಚೆಗೆ ಅಂಕೋಲೆಯಲ್ಲಿ ನಮ್ಮ ಕೆಲವು ವಿದ್ಯಾರ್ಥಿಗಳು ಮೇಜಿನ ಸುತ್ತ ಕುಳಿತು ಆಡುತ್ತಿದ್ದ ಆಟವೊಂದನ್ನು ನೋಡಿದಾಗ ಈ ವಿಚಾರ ನಮ್ಮ ಮನಸ್ಸಿಗೆ ಬಂದಿತು. ಅದು 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ಹೊರತಂದ 'ಡಂಜನ್ಸ್ ಅಂಡ್ ಡ್ರಾಗನ್ಸ್'. ಒಬ್ಬೊಬ್ಬ ಆಟಗಾರನೂ ಒಂದೊಂದು ಪಾತ್ರವನ್ನು ವಹಿಸಿ ಅದರ ಮಾತನ್ನೂ ಕಾರ್ಯವನ್ನೂ ತಾನೇ ಕಲ್ಪಿಸಿ ಹೇಳುತ್ತಾನೆ. ಸೂತ್ರಧಾರನಾದವನು ಉಳಿದ ಲೋಕವನ್ನೆಲ್ಲ ನಡೆಸುತ್ತಾನೆ. ಸಂದೇಹ ಬಂದಲ್ಲಿ ದಾಳವು ತೀರ್ಪು ಕೊಡುತ್ತದೆ. ತಾಳಮದ್ದಳೆಯ ಅರ್ಥಧಾರಿಗಳನ್ನೂ ಭಾಗವತರನ್ನೂ ಕಂಡ ನಮ್ಮ ಜಿಲ್ಲೆಯವರಿಗೆ ಇದು ತೀರ ಅಪರಿಚಿತವಾಗಿ ತೋರಲಾರದು.

ಆ ಸಂಜೆ ಒಬ್ಬ ಆಟಗಾರನು ವಶೀಕರಣ ಮಂತ್ರದಿಂದ ಶತ್ರುರಾಜನನ್ನು ತನ್ನ ಮಿತ್ರನನ್ನಾಗಿ ಮಾಡಿಕೊಳ್ಳಹೊರಟನು. ದೀರ್ಘವಾದ ಯುದ್ಧವನ್ನು ಸಿದ್ಧಪಡಿಸಿಕೊಂಡು ಬಂದಿದ್ದ ಸೂತ್ರಧಾರನು "ಈ ಕೋಟೆಯೊಳಗೆ ಮಂತ್ರ ನಡೆಯುವುದಿಲ್ಲ" ಎಂದುಬಿಟ್ಟನು. ಆಟಗಾರನು ದಾಳವನ್ನು ಕೆಳಗಿಟ್ಟು, ಆಟ ಮುಗಿಯುವವರೆಗೂ ಮೌನವಾಗಿ ಕುಳಿತನು. ಹೀಗೆ ಶಕ್ತಿಯನ್ನು ಕೊಟ್ಟು, ಬಳಸುವ ಗಳಿಗೆಯಲ್ಲಿ ಕಿತ್ತುಕೊಳ್ಳುವುದು ಸೂತ್ರಧಾರನ ಮೊದಲನೆಯ ತಪ್ಪೆಂದು ನಮ್ಮ ಅಭಿಪ್ರಾಯ.

ಎರಡನೆಯ ತಪ್ಪು ಇದಕ್ಕಿಂತ ಸೂಕ್ಷ್ಮವಾದುದು. ಈ ಆಟದಲ್ಲಿ ಮಂತ್ರಗಳಿಗೆ 1ರಿಂದ 9ರವರೆಗೆ ಮಟ್ಟಗಳುಂಟು. ಒಂಬತ್ತನೆಯ ಮಟ್ಟದ 'ವಿಶ್' ಎಂಬುದು ಬಯಸಿದ್ದನ್ನು ನಡೆಯಿಸುವ ಇಚ್ಛಾಮಂತ್ರ. 2014ರ ಐದನೆಯ ಆವೃತ್ತಿಯ ನಿಯಮದಂತೆ, ಕೆಳಮಟ್ಟದ ಮಂತ್ರವೊಂದರ ಬದಲಾಗಿ ಇದನ್ನು ಬಳಸಿದರೆ ಬಾಧಕವಿಲ್ಲ; ಅದನ್ನು ಮೀರಿ ಬಯಸಿದವನ ದೇಹಬಲ ಕೆಲವು ದಿನ ಕುಗ್ಗುತ್ತದೆ, ಮತ್ತು ಇನ್ನೆಂದೂ ಆ ಮಂತ್ರವನ್ನು ಪ್ರಯೋಗಿಸಲಾಗದೆ ಹೋಗುವ ಸಂಭವ ನೂರಕ್ಕೆ 33ರಷ್ಟಿರುತ್ತದೆ. ಬೆಲೆ ದೊಡ್ಡದು, ಆದರೆ ಮೊದಲೇ ತಿಳಿದದ್ದು. ಆದುದರಿಂದ ಇದು ನ್ಯಾಯವಾದುದು. ಅದೇ ನಿಯಮವು ಮುಂದುವರಿದು, ಬಯಕೆಯ ಮಾತಿಗೆ ಬೇರೆ ಅರ್ಥ ಹಚ್ಚುವ ಅಧಿಕಾರವನ್ನೂ ಸೂತ್ರಧಾರನಿಗೆ ಕೊಡುತ್ತದೆ. ದುಷ್ಟನೊಬ್ಬನು ಸತ್ತಿರಲಿ ಎಂದು ಬಯಸಿದವನನ್ನು, ಆ ದುಷ್ಟನು ಬದುಕಿರದ ಮುಂದಿನ ಕಾಲಕ್ಕೆ ಎಸೆದುಬಿಡಬಹುದೆಂಬುದು ಅಲ್ಲಿಯ ಉದಾಹರಣೆ. ಇದು ಕುಂಭಕರ್ಣನ ವರದ ಕಥೆಯೇ ಸರಿ. ಉತ್ತರಕಾಂಡದಲ್ಲಿ ದೇವತೆಗಳ ಮೊರೆಯಂತೆ ಸರಸ್ವತಿಯು ಅವನ ಬಾಯಲ್ಲಿ ನೆಲಸಲು, ಅವನು ನಿದ್ರೆಯನ್ನು ಬೇಡಿದನು. ಕಥೆ ಕೇಳುವವರು ನಗಬಹುದು; ಆದರೆ ಮೇಜಿನ ಬಳಿ ಕುಳಿತವನು ಕೇಳುಗನಲ್ಲ, ಕುಂಭಕರ್ಣನೇ. ಒಮ್ಮೆ ಮೋಸಹೋದವನು ಮುಂದೆ ಬಯಸುವುದನ್ನೇ ಬಿಟ್ಟು, ವಕೀಲನ ಕರಾರುಪತ್ರದಂತೆ ಮಾತಾಡತೊಡಗುತ್ತಾನೆ. ಆಟದ ಸ್ವಾರಸ್ಯ ಅಲ್ಲಿಗೆ ಮುಗಿಯಿತು.

ಹಾಗಾದರೆ ಸರಿಯಾದ ಮಾರ್ಗ ಯಾವುದು? ಅದನ್ನೂ ನಮ್ಮ ಮಹಾಕಾವ್ಯಗಳಿಂದಲೇ ತಿಳಿಯಬಹುದಾಗಿದೆ. ಕವಚಕುಂಡಲಗಳನ್ನು ಕೊಟ್ಟು ಕರ್ಣನು ಇಂದ್ರನಿಂದ ಪಡೆದ ಶಕ್ತ್ಯಾಯುಧವು ಒಮ್ಮೆ ಮಾತ್ರ ನಡೆಯತಕ್ಕದ್ದು. ಅವನು ಅದನ್ನು ಅರ್ಜುನನಿಗೆಂದು ಕಾದಿಟ್ಟಿದ್ದನು. ಕೃಷ್ಣನು ಆ ಆಯುಧವನ್ನು ನಿಷ್ಫಲಗೊಳಿಸಲಿಲ್ಲ. ಹದಿನಾಲ್ಕನೆಯ ದಿನದ ರಾತ್ರಿ ಘಟೋತ್ಕಚನನ್ನು ಮುಂದೆ ಬಿಟ್ಟನು. ಕೌರವಸೇನೆ ನಾಶವಾಗುತ್ತಿರಲು ಕರ್ಣನು ತಾನೇ ಆರಿಸಿ ಆ ಶಕ್ತಿಯನ್ನು ಪ್ರಯೋಗಿಸಿದನು. ಅದು ಪೂರ್ಣವಾಗಿ ಫಲಿಸಿತು, ಘಟೋತ್ಕಚನು ಮಡಿದನು, ಪಾಂಡವರೂ ಮಗನನ್ನು ತೆತ್ತರು. ಇಲ್ಲಿ ಮುಖ್ಯವಾದ ಮಾತೆಂದರೆ, ಶಕ್ತಿಯನ್ನು ತಡೆದದ್ದು ನಿಷೇಧವಲ್ಲ, ಎರಡನೆಯದೊಂದು ಅಗತ್ಯ. ಆಯ್ಕೆ ಕರ್ಣನದಾಗಿಯೇ ಉಳಿಯಿತು.

ತಾಳಮದ್ದಳೆಗೂ ಈ ಆಟಕ್ಕೂ ಒಂದು ದೊಡ್ಡ ಭೇದವಿದೆಯೆಂಬುದನ್ನು ಮರೆಯಲಾಗದು. ಅಲ್ಲಿ ಪ್ರಸಂಗದ ಪದ್ಯಗಳು ಮೊದಲೇ ನಿಶ್ಚಿತ. ವಾಲಿಯ ಅರ್ಥಧಾರಿ ವಾದದಲ್ಲಿ ರಾಮನನ್ನು ಎಷ್ಟೇ ಕಟ್ಟಿಹಾಕಿದರೂ ಭಾಗವತರು ಮುಂದಿನ ಪದ್ಯವನ್ನೆತ್ತಿದೊಡನೆ ವಾಲಿಯು ಮೋಕ್ಷದ ಕಡೆಗೆ ಸಾಗಲೇಬೇಕು. ಮೇಜಿನಾಟದಲ್ಲಿ ಅಂತಹ ಪ್ರಸಂಗವಿಲ್ಲ. ಇದೆಯೆಂದು ಸೂತ್ರಧಾರನು ಭಾವಿಸಿದಾಗಲೇ ಅನರ್ಥಗಳು ಮೊದಲಾಗುತ್ತವೆ. ಆದರೂ ವಾಲಿಯಿಂದ ಕಲಿಯತಕ್ಕದ್ದು ಒಂದುಂಟು. ಎದುರಾಳಿಯ ಅರ್ಧಬಲವು ವಾಲಿಗೆ ಸೇರುತ್ತದೆಂಬುದು ಜನಪ್ರಿಯವಾದ ಕಥೆ. ವಾಲ್ಮೀಕಿಯಲ್ಲಿರುವುದು ಇಂದ್ರನು ಕೊಟ್ಟ ಕಾಂಚನಮಾಲೆ. ಅಂತಹವನನ್ನು ರಾಮನು ಅನ್ಯನೊಡನೆ ಹೋರಾಡುತ್ತಿರುವಾಗ ಹೊಡೆದನು. ಆದರೆ ಹೊಡೆದವನು ಬಿದ್ದವನ ಮುಂದೆ ನಿಂತು ಅವನ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಯಿತು. ಆ ಉತ್ತರ ಸಾಕೇ ಎಂಬುದನ್ನು ನಮ್ಮ ಅರ್ಥಧಾರಿಗಳು ಇಂದಿಗೂ ಚರ್ಚಿಸುತ್ತಲೇ ಇದ್ದಾರೆ. ಅಧಿಕಾರವುಳ್ಳವನು ನಿಯಮವನ್ನು ಬಾಗಿಸಿದರೂ ಉತ್ತರದ ಹೊಣೆಯಿಂದ ಪಾರಾಗಲಾರನು. "ಮಂತ್ರ ನಡೆಯುವುದಿಲ್ಲ" ಎಂಬ ನಾಲ್ಕು ಗೋಡೆಯೊಳಗಣ ತೀರ್ಪಿನಲ್ಲಿ ಇಲ್ಲದಿದ್ದುದು ಈ ಹೊಣೆಯೇ.

ಅಂಕೋಲೆಯ ಆ ಸೂತ್ರಧಾರನಿಗೆ ನಿಷೇಧದ ಅವಶ್ಯಕತೆಯೇ ಇರಲಿಲ್ಲವೆಂಬುದು ವಿಷಾದದ ಸಂಗತಿ. ಅದೇ 2014ರ ಆವೃತ್ತಿಯಲ್ಲಿ ಮನುಷ್ಯರನ್ನು ಒಲಿಸಿಕೊಳ್ಳುವ ಸಾಮಾನ್ಯ ವಶೀಕರಣ ಮಂತ್ರದ ಅವಧಿ ಒಂದೇ ಗಂಟೆ. ಅದು ಮುಗಿದ ಕೂಡಲೆ, ತಾನು ವಶನಾಗಿದ್ದೆನೆಂಬುದು ವಶನಾದವನಿಗೆ ತಿಳಿಯುತ್ತದೆ. ಅರಸನು ಒಂದು ಗಂಟೆ ಮಿತ್ರನಾಗಿರಲಿ. ಅಷ್ಟರೊಳಗೆ ಆಟಗಾರನು ಏನನ್ನು ಕೇಳುವನು, ಸಂಶಯಗೊಂಡ ಮಂತ್ರಿಗಳಿಗೆ ಏನೆಂದು ಹೇಳುವನು, ಅರಸನು ಎಚ್ಚರಗೊಳ್ಳುವಾಗ ಕೋಟೆಯ ಬಾಗಿಲಿನಿಂದ ಎಷ್ಟು ದೂರವಿರುವನು? ಸಿದ್ಧಪಡಿಸಿದ್ದ ಯುದ್ಧವು ಬಹುಶಃ ನಡೆದೇ ತೀರುತ್ತಿತ್ತು. ಆದರೆ ಆಗ ಅದು ಸೂತ್ರಧಾರನ ಹಟದಿಂದ ಬಂದ ಯುದ್ಧವಾಗಿರದೆ ಆಟಗಾರನು ತನ್ನ ಕೈಯಾರೆ ತಂದುಕೊಂಡ ಯುದ್ಧವಾಗಿರುತ್ತಿತ್ತು. ಅವನು ದಾಳವನ್ನು ಕೆಳಗಿಡುತ್ತಲೂ ಇರಲಿಲ್ಲ.