ಐನೂರ ಮೂರಕ್ಕೆ ಚಿಲ್ಲರೆ

ಲಾಸ್ ಏಂಜಲೀಸಿನಿಂದ ಸ್ಯಾನ್ ಡಿಯಾಗೊದ ಮೀರಾ ಮೆಸಾದಲ್ಲಿರುವ ತಮ್ಮನ ಮನೆಗೆ ಹೋದಾಗಲೆಲ್ಲ ಊಟದ ಮೇಜಿನ ಮೇಲೆ ಅವನ ಮಗನ ಹೋಂವರ್ಕ್ ಹರಡಿಕೊಂಡಿರುತ್ತದೆ. ಹುಡುಗ ಮೂರನೇ ತರಗತಿ. ಈ ಸಲದ ಲೆಕ್ಕ 503ರಲ್ಲಿ 267 ಕಳೆಯುವುದು. ಅವನು ಕಾಗದದ ಉದ್ದಕ್ಕೂ ಒಂದು ಗೆರೆ ಎಳೆದು ಎಡತುದಿಯಲ್ಲಿ 267 ಬರೆದ. ಅಲ್ಲಿಂದ 3 ಹಾರಿ 270, ಮತ್ತೆ 30 ಹಾರಿ 300, ಕೊನೆಗೆ 203 ಹಾರಿ 503. ಹಾರಿದ್ದನ್ನೆಲ್ಲ ಕೂಡಿಸಿ 236 ಎಂದ. ತಮ್ಮ ಪಕ್ಕದಲ್ಲೇ ಕೂತು ಅದೇ ಲೆಕ್ಕವನ್ನು ಮೇಲೆ ಕೆಳಗೆ ಬರೆದು, "ಮೂರರಲ್ಲಿ ಏಳು ಹೋಗಲ್ಲ, ಪಕ್ಕದಿಂದ ಸಾಲ ತಗೋ. ಪಕ್ಕದಲ್ಲಿ ಸೊನ್ನೆ ಇದೆ, ಅದರ ಪಕ್ಕದಿಂದ ತಗೋ" ಎನ್ನುತ್ತ ಅಂಕಿಗಳನ್ನು ಹೊಡೆದುಹಾಕಿ ಅದೇ 236 ತಂದ. ಹುಡುಗ ನನ್ನ ಕಡೆ ತಿರುಗಿದ. "ಅತ್ತೆ, ಸಾಲ ಯಾವಾಗ ವಾಪಸ್ ಕೊಡ್ತಾರೆ?"

ನಾನು ಎರಡನೇ ತರಗತಿಯಲ್ಲಿ ಸ್ಲೇಟಿನ ಮೇಲೆ ಈ ಲೆಕ್ಕ ಕಲಿತವಳು. ನನಗೆ ಆ ಪ್ರಶ್ನೆ ಹುಟ್ಟಿರಲೇ ಇಲ್ಲ. ನಾವು ಕೈಗಡ ಎನ್ನುತ್ತೇವಲ್ಲ, ಅದಕ್ಕೆ ಪತ್ರ ಬೇಡ, ಬಡ್ಡಿ ಬೇಡ, ಆದರೆ ಹಿಂತಿರುಗಿಸಲೇಬೇಕು. ಕಳೆಯುವ ಲೆಕ್ಕದಲ್ಲಿ ಹತ್ತರ ಮನೆಯಿಂದ ತಂದದ್ದನ್ನು ಯಾರೂ ಹಿಂತಿರುಗಿಸುವುದಿಲ್ಲ. ಹಾಗಾದರೆ ಅದು ಸಾಲವೇ?

ಸಾಲ ತೀರಿಸುವ ಕ್ರಮವೂ ಒಂದಿದೆ. ಮೇಲಿನ 3ಕ್ಕೆ 10 ಸೇರಿಸಿ 13 ಮಾಡಿದರೆ, ಅದಕ್ಕೆ ಸಮನಾಗಿ ಕೆಳಗಿನ ಸಾಲಿನ ಹತ್ತರ ಮನೆಗೆ 1 ಸೇರಿಸಿ 6ನ್ನು 7 ಮಾಡುವುದು. ಸೊನ್ನೆಯಲ್ಲಿ 7 ಹೋಗದು, ಅದನ್ನು 10 ಮಾಡಿ, ಕೆಳಗಿನ 2ನ್ನು 3 ಮಾಡುವುದು. ಎರಡೂ ಕಡೆ ಒಂದೇ ಮೊತ್ತ ಕೂಡುವುದರಿಂದ ವ್ಯತ್ಯಾಸ ಬದಲಾಗುವುದಿಲ್ಲ. ಸಾಲ ಎಂಬ ಮಾತು ಹೊಂದುವುದು ಈ ಕ್ರಮಕ್ಕೆ. ಅಮೆರಿಕದ ಶಾಲೆಗಳಲ್ಲಿ ಒಂದು ಕಾಲಕ್ಕೆ ಇದೂ ನಡೆಯುತ್ತಿತ್ತು. ವಿಲಿಯಂ ಬ್ರೌನೆಲ್ ಮತ್ತು ಹೆರಾಲ್ಡ್ ಮೋಸರ್ ಮೂರನೇ ತರಗತಿಯ ಮಕ್ಕಳಿಗೆ ಈ ಕ್ರಮವನ್ನೂ ನನ್ನ ತಮ್ಮನ ಕ್ರಮವನ್ನೂ, ಅರ್ಥ ಬಿಡಿಸಿ ಹೇಳಿಯೂ ಬರಿದೇ ಬಾಯಿಪಾಠ ಮಾಡಿಸಿಯೂ ಕಲಿಸಿ ನೋಡಿ, 1949ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರ್ಥ ತಿಳಿಸಿ ಕಲಿಸಿದಾಗ ಹತ್ತನ್ನು ಬಿಡಿಯಾಗಿ ಒಡೆಯುವ ಕ್ರಮವೇ ಮೇಲೆಂದು ಕಂಡಿತು. ಆಮೇಲೆ ಅಲ್ಲಿ ಅದೇ ನೆಲೆನಿಂತಿತು. ಕ್ರಮ ಒಡೆಯುವುದರದ್ದು, ಹೆಸರು ಮಾತ್ರ ಸಾಲದ್ದು. ನನ್ನ ತಕರಾರು ಇರುವುದು ಇಲ್ಲಿ.

503ರ ಬಿಡಿ ಸ್ಥಾನದಲ್ಲಿ ಮೂರೇ ಇದೆ ಎಂದಾಗ ಆ ಸಂಖ್ಯೆಗೆ ಬಡತನ ಬಂದಿಲ್ಲ. ಅದರ ಬಳಿ ಐದು ನೂರರ ನೋಟುಗಳಿವೆ. ಮನೆಯಲ್ಲಿ ದುಡ್ಡಿದೆ, ಚಿಲ್ಲರೆ ಇಲ್ಲ, ಅಷ್ಟೆ. ಇದಕ್ಕೆ ಕನ್ನಡದಲ್ಲಿ ಅಂಗಡಿಬೀದಿಯ ಮಾತೊಂದು ಸಿದ್ಧವಾಗಿಯೇ ಇದೆ: ನೋಟು ಮುರಿಸುವುದು. ಒಂದು ನೂರನ್ನು ಮುರಿಸಿದರೆ ಹತ್ತು ಹತ್ತುಗಳು, ಅದರಲ್ಲೊಂದನ್ನು ಮುರಿಸಿದರೆ ಹತ್ತು ಬಿಡಿಗಳು. ಈಗ ನಾಲ್ಕು ನೂರು, ಒಂಬತ್ತು ಹತ್ತು, ಹದಿಮೂರು ಬಿಡಿ. ಕೂಡಿಸಿ ನೋಡಿದರೆ ಇನ್ನೂ ಐನೂರ ಮೂರೇ. ಹದಿಮೂರರಲ್ಲಿ ಏಳು ಹೋದರೆ ಆರು, ಒಂಬತ್ತರಲ್ಲಿ ಆರು ಹೋದರೆ ಮೂರು, ನಾಲ್ಕರಲ್ಲಿ ಎರಡು ಹೋದರೆ ಎರಡು. ಸೊನ್ನೆಯ ತಲೆಯ ಮೇಲೆ 9 ಎಲ್ಲಿಂದ ಬಂತೆಂದು ಕೇಳುವ ಅಗತ್ಯವೇ ಬೀಳುವುದಿಲ್ಲ. ಅಮೆರಿಕದ ನಾಣ್ಯಗಳಂತೂ ಈ ಪಾಠಕ್ಕೆಂದೇ ಅಚ್ಚಾದಂತಿವೆ: ಡಾಲರಿಗೆ ಹತ್ತು ಡೈಮ್, ಡೈಮಿಗೆ ಹತ್ತು ಪೆನ್ನಿ. ಆರ್ಟೀಸಿಯಾದ ಪಯೋನಿಯರ್ ಬುಲೆವಾರ್ಡಿನ ದಿನಸಿ ಅಂಗಡಿಯ ಕೌಂಟರಿನಲ್ಲಿ ಐದು ನಿಮಿಷ ನಿಂತರೆ ಸಾಕು, ಪಾಠ ಮುಗಿಯುತ್ತದೆ.

ಮಾತಿನ ಬಗ್ಗೆ ಇಷ್ಟು ಹಟವೇಕೆ ಎಂದರೆ, ಮಕ್ಕಳ ತಪ್ಪುಗಳಿಗಾಗಿ. 1978ರಲ್ಲಿ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಮಕ್ಕಳ ಕಳೆಯುವ ಲೆಕ್ಕಗಳನ್ನು ಕಂಪ್ಯೂಟರಿನಲ್ಲಿ ಪರಿಶೀಲಿಸಿ, ಆ ತಪ್ಪುಗಳಲ್ಲಿ ಅನೇಕವು ಅಜಾಗರೂಕತೆಯವಲ್ಲ, ನಿಯಮಬದ್ಧವಾದವು ಎಂದು ತೋರಿಸಿದರು. ಮಗು ಒಂದು ತಪ್ಪು ನಿಯಮವನ್ನು ಶ್ರದ್ಧೆಯಿಂದ ಪಾಲಿಸುತ್ತಿರುತ್ತದೆ. ಅಂಥ ನಿಯಮಗಳಲ್ಲಿ ತೀರ ಸಾಮಾನ್ಯವಾದದ್ದು, ಪ್ರತಿ ಮನೆಯಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯುವುದು. ಆಗ 503ರಲ್ಲಿ 267 ಹೋದರೆ 364 ಆಗುತ್ತದೆ. ಸೊನ್ನೆ ಎದುರಾದಾಗ ಹುಟ್ಟುವ ತಪ್ಪುಗಳು ಬೇರೆಯೇ ಇವೆ. ನೋಟು ಮುರಿಸುವ ಚಿತ್ರ ಕಣ್ಣೆದುರು ಇರುವ ಮಗುವಿಗೆ, ಕೈಯಲ್ಲಿದ್ದ ಐನೂರರಿಂದ ಇನ್ನೂರಕ್ಕಿಂತ ಹೆಚ್ಚು ಕೊಟ್ಟ ಮೇಲೂ 364 ಉಳಿಯಲಾರದು ಎಂಬುದು ತಾನಾಗಿ ಹೊಳೆಯಬಹುದು. ಲಿಪಿಂಗ್ ಮಾ 1999ರ ತಮ್ಮ ಪುಸ್ತಕಕ್ಕಾಗಿ ಅಮೆರಿಕದ 23 ಮತ್ತು ಚೀನಾದ 72 ಶಿಕ್ಷಕರನ್ನು ಮಾತನಾಡಿಸಿದಾಗ ಮೊದಲು ಎತ್ತಿಕೊಂಡ ವಿಷಯವೇ ಇಂಥ ಕಳೆಯುವ ಲೆಕ್ಕವನ್ನು ಕಲಿಸುವ ಬಗೆ. ಅಮೆರಿಕದ ಹೆಚ್ಚಿನ ಶಿಕ್ಷಕರು ಸಾಲದ ಭಾಷೆಯಲ್ಲೇ ನಿಂತರೆ, ಚೀನಾದ ಹೆಚ್ಚಿನವರು ದೊಡ್ಡ ಘಟಕವನ್ನು ಬಿಡಿಸುವ ಮಾತಾಡಿದರು.

ಕ್ಯಾಲಿಫೋರ್ನಿಯಾ 2010ರಲ್ಲಿ ಒಪ್ಪಿಕೊಂಡ ಪಠ್ಯ ಮಾನದಂಡಗಳು ಈ ಅರ್ಥದ ಕೊರತೆಯನ್ನು ಗುರುತಿಸಿವೆ. ಎರಡನೇ ತರಗತಿಯಲ್ಲೇ ಸಾವಿರದೊಳಗೆ ಕಳೆಯಬೇಕು, ಆದರೆ ಮೂರ್ತ ವಸ್ತುಗಳಿಂದ, ಚಿತ್ರಗಳಿಂದ, ಸ್ಥಾನಬೆಲೆಯ ತಿಳಿವಳಿಕೆಯಿಂದ. ರೂಢಿಯ ಕಂಬಸಾಲಿನ ಕ್ರಮದಲ್ಲಿ, ಅಂದರೆ ಮೇಲೆ ಕೆಳಗೆ ಬರೆದು ಕಳೆಯುವುದರಲ್ಲಿ, ಪಳಗಬೇಕಾದದ್ದು ನಾಲ್ಕನೇ ತರಗತಿಯಲ್ಲಿ. ಈ ನಿಧಾನವನ್ನು ನಾನು ಮೆಚ್ಚುತ್ತೇನೆ. ಇಲ್ಲಿಯ ನಮ್ಮ ಕನ್ನಡ ಮನೆಗಳಲ್ಲಿ ಇದನ್ನು ಕಂಡು ಮೂಗು ಮುರಿಯುವವರೇ ಹೆಚ್ಚು. ಆದರೆ 2001ರಲ್ಲಿ 1998 ಕಳೆಯಲು ನಾಲ್ಕು ಅಂಕಿ ಹೊಡೆದುಹಾಕುವ ಅಪ್ಪನಿಗಿಂತ, ಗೆರೆಯ ಮೇಲೆ ಮೂರು ಹೆಜ್ಜೆ ಎಣಿಸುವ ಮಗನೇ ಸಂಖ್ಯೆಯನ್ನು ಚೆನ್ನಾಗಿ ಬಲ್ಲವನು.

ಆದರೂ ಗೆರೆಯೇ ಸಾಕೆಂದು ಒಪ್ಪಲಾರೆ. 6042ರಲ್ಲಿ 3785 ಕಳೆಯಬೇಕಾದಾಗ ಎಲ್ಲಿಂದ ಎಲ್ಲಿಗೆ ಹಾರಬೇಕೆಂದು ಮಗು ಪ್ರತಿ ಸಲ ಹೊಸದಾಗಿ ಯೋಚಿಸಬೇಕು, ಹಾರಿದ್ದನ್ನು ನೆನಪಿಡಬೇಕು, ಮತ್ತೆ ಕೂಡಿಸಬೇಕು. ಪ್ರತಿ ಹಾರಿಕೆಯಲ್ಲೂ ಜಾರುವ ಅಪಾಯ. ಕಂಬಸಾಲಿಗೆ ಬೇಕಾದದ್ದು 18ರವರೆಗೆ ಕಳೆಯುವ ಅಭ್ಯಾಸವೊಂದೇ. ಸಂಖ್ಯೆ ನಾಲ್ಕಂಕಿಯದಿರಲಿ, ನಲವತ್ತು ಅಂಕಿಯದಿರಲಿ, ಒಂದು ಕ್ಷಣಕ್ಕೆ ಒಂದೇ ಮನೆಯ ಚಿಂತೆ. ಇದಕ್ಕೆ ಜಾಣತನ ಬೇಡ, ತಾಳ್ಮೆ ಸಾಕು; ತರಗತಿಯಲ್ಲಿ ಹಿಂದೆ ಬೀಳುವ ಮಗುವಿಗೂ ಒಲಿಯುವ ವಿದ್ಯೆ. ಮಹಾವೀರಾಚಾರ್ಯ ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷನ ಕಾಲದಲ್ಲಿ ಬರೆದ ಗಣಿತಸಾರಸಂಗ್ರಹದ ಪರಿಕರ್ಮಗಳು, ಅಂದರೆ ಮೂಲ ಗಣಿತಕ್ರಿಯೆಗಳು, ಗುಣಾಕಾರದಿಂದಲೇ ಶುರುವಾಗುತ್ತವೆ. ಬರಿಯ ಕೂಡು-ಕಳೆ ಓದುಗನಿಗೆ ಬರುತ್ತದೆಂದೇ ಅವನು ಎಣಿಸಿದಂತಿದೆ. ಅಷ್ಟರಮಟ್ಟಿಗೆ ಕೈಗೆ ಹತ್ತಬೇಕಾದ ಕೆಲಸವಿದು. ಹೊಡೆದುಹಾಕಿದ ಅಂಕಿಗಳು ಗಲೀಜೆಂದು ಬೈಯುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಯಾವ ನೋಟು ಎಲ್ಲಿ ಮುರಿಯಿತೆಂಬ ಲೆಕ್ಕಪುಸ್ತಕ ಅದು. ಉತ್ತರಕ್ಕೆ 267 ಕೂಡಿಸಿ ತಾಳೆ ನೋಡಿದಾಗ 503 ಬರದಿದ್ದರೆ, ತಪ್ಪು ಹುಡುಕಲು ಅದೇ ದಾರಿ.

ಸಾಲದ ಮಾತು ಪೂರ್ತಿ ಕೈಕೊಡುವುದು ಹತ್ತರ ಲೆಕ್ಕವಿಲ್ಲದ ಕಡೆ. 1957ರ ಏಪ್ರಿಲ್ 1ರಂದು ನಯಾಪೈಸೆ ಬರುವ ಮೊದಲು ನಮ್ಮ ಹಿರಿಯರು ರೂಪಾಯಿ, ಆಣೆ, ಪೈಗಳನ್ನು ಕಂಬಸಾಲಿನಲ್ಲೇ ಕಳೆಯುತ್ತಿದ್ದರು. ಅಲ್ಲಿ ರೂಪಾಯಿ ಮುರಿಸಿದರೆ 16 ಆಣೆ, ಆಣೆ ಮುರಿಸಿದರೆ 12 ಪೈ. ಅಮೆರಿಕದಲ್ಲಿ ಅಡಿಗೆ 12 ಇಂಚು, ಪೌಂಡಿಗೆ 16 ಔನ್ಸ್ ಇನ್ನೂ ಚಲಾವಣೆಯಲ್ಲಿವೆ. "ಪಕ್ಕದಿಂದ ಒಂದು ತಂದು ಮುಂದೆ ಇಡು" ಎಂದಷ್ಟೇ ಕಲಿತ ಮಗು ಇಲ್ಲೆಲ್ಲ ಎಡವುತ್ತದೆ.

ಹುಡುಗನ ಪ್ರಶ್ನೆಗೆ ಉತ್ತರವಾಗಿ ಅವನಿಗೊಂದು ಲೆಕ್ಕ ಕೊಟ್ಟೆ. ಆ ಬೆಳಿಗ್ಗೆ ನಾನು ಲಾಸ್ ಏಂಜಲೀಸ್ ಬಿಟ್ಟದ್ದು 6.45ಕ್ಕೆ, ಅವರ ಮನೆ ಮುಟ್ಟಿದ್ದು 9.10ಕ್ಕೆ. ದಾರಿಯಲ್ಲಿ ಎಷ್ಟು ಹೊತ್ತಾಯಿತು? ಅವನು ಮೊದಲು ಅಪ್ಪನ ಹಾಗೆ ಬರೆದು 2.65 ಎಂದ. ಅರವತ್ತೈದು ನಿಮಿಷವನ್ನು ನೋಡಿ ತಾನೇ ತಲೆ ಕೆರೆದುಕೊಂಡ. "ಗಂಟೆ ಮುರಿಸಿದರೆ ಎಷ್ಟು ಸಿಗುತ್ತೆ?" ಎಂದು ಕೇಳಿದೆ. 9ನ್ನು ಹೊಡೆದು 8 ಬರೆದ, 10ನ್ನು ಹೊಡೆದು 70 ಬರೆದ. ಎಪ್ಪತ್ತರಲ್ಲಿ ನಲವತ್ತೈದು ಹೋದರೆ ಇಪ್ಪತ್ತೈದು, ಎಂಟರಲ್ಲಿ ಆರು ಹೋದರೆ ಎರಡು. ಆಮೇಲೆ ವಾರವನ್ನು ಮುರಿಸುವ ಲೆಕ್ಕವೊಂದನ್ನು ಬರೆದು, ಪೆನ್ಸಿಲ್ಲನ್ನು ಅಪ್ಪನ ಕೈಗೆ ಕೊಟ್ಟ.